ಯಾರ ಹೆಗಲ ಮೇಲೆ ಈ ಸವಾರಿ?

ಬೆರಳ ತುದಿಯಿಂದ ಒತ್ತಿದರೆ ಸಾಕು, ಮನೆಬಾಗಿಲಿಗೆ ವಾಹನ ಬಂದು ನಿಲ್ಲುತ್ತದೆ. ರಾತ್ರಿ ಒಂಟಿಯಾಗಿ ಪಯಣಿಸುವ ಮಹಿಳೆಗೆ, ಆಸ್ಪತ್ರೆಗೆ ಹೊರಟ ವೃದ್ಧರಿಗೆ ಅದು ನಿಜವಾದ ಆಸರೆ. ಇದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಪ್ರಿಯ ಓದುಗರೇ, ಆಸರೆಯಾದುದೆಲ್ಲವೂ ಬಾಳಿಕೆಯ ವ್ಯಾಪಾರವಾಗಬೇಕೆಂದಿಲ್ಲ. ಈ ಗಾಡಿ ಯಾರ ಖರ್ಚಿನಲ್ಲಿ ಓಡುತ್ತಿದೆಯೆಂದು ನಾವು ಎಂದಾದರೂ ಕೇಳಿದ್ದೇವೆಯೇ?

2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಊಬರ್, 2019ರ ಒಂದೇ ವರ್ಷದಲ್ಲಿ ಸುಮಾರು 850 ಕೋಟಿ ಡಾಲರ್ ನಷ್ಟ ಅನುಭವಿಸಿತು. ಅಗ್ಗದ ಪ್ರಯಾಣದ ಬೆಲೆಯನ್ನು ಅಂದು ತೆತ್ತವರು ಹೂಡಿಕೆದಾರರು. ಎದುರಾಳಿಗಳು ಸೋತು ಮಾರುಕಟ್ಟೆ ತಮ್ಮದೊಂದೇ ಆದಾಗ ಹಾಕಿದ ಹಣ ಮರಳೀತೆಂಬುದು ಅವರ ಎಣಿಕೆ. ಅದು ಎಲ್ಲೆಡೆ ಫಲಿಸಲಿಲ್ಲ. 2016ರಲ್ಲಿ ಚೀನಾದ ವಹಿವಾಟನ್ನು ದೀದಿಗೆ, 2018ರಲ್ಲಿ ಆಗ್ನೇಯ ಏಷ್ಯಾದ್ದನ್ನು ಗ್ರ್ಯಾಬ್‌ಗೆ ಒಪ್ಪಿಸಿ, ಆ ಕಂಪನಿಗಳಲ್ಲಿ ಪಾಲು ಪಡೆದು ಊಬರ್ ಹಿಂದೆ ಸರಿಯಿತು. ಕಾರಣ ಸರಳ. ಪ್ರಯಾಣಿಕನ ಫೋನಿನಲ್ಲಿ ಎರಡು ಮೂರು ಆ್ಯಪ್‌ಗಳು. ಚಾಲಕನ ಫೋನಿನಲ್ಲಿಯೂ ಅಷ್ಟೇ. ಯಾರೂ ಯಾರಿಗೂ ಕಟ್ಟುಬಿದ್ದವರಲ್ಲ. ಮೇಲಾಗಿ, ಒಂದು ತಂತ್ರಾಂಶವನ್ನು ಕೋಟಿ ಜನರಿಗೆ ಹಂಚಬಹುದು. ಸವಾರಿಗೆ ಮಾತ್ರ ಪ್ರತಿ ಸಲವೂ ಒಂದು ಗಾಡಿ, ಒಬ್ಬ ಚಾಲಕ, ಒಂದಿಷ್ಟು ಇಂಧನ ಬೇಕೇ ಬೇಕು.

2023ರಲ್ಲಿ ಊಬರ್ ಲಾಭ ಗಳಿಸಲಿಲ್ಲವೇ ಎಂದು ನೀವು ಕೇಳಬಹುದು. ಗಳಿಸಿತು, ಕಾರ್ಯಾಚರಣೆಯಿಂದ ಅದಕ್ಕೆ ದೊರೆತ ಮೊದಲ ವಾರ್ಷಿಕ ಲಾಭ ಸುಮಾರು 110 ಕೋಟಿ ಡಾಲರ್. ಆದರೆ ವಾಹನದ ಸಾಲದ ಕಂತು, ವಿಮೆ, ಟೈರು, ರಿಪೇರಿಗಳ ಖರ್ಚು ಬಹುಪಾಲು ಚಾಲಕನದು. ಅದನ್ನು ಕಂಪನಿಯೇ ಹೊತ್ತರೆ ಆ ಲಾಭ ಉಳಿದೀತೇ? ತನ್ನ ಹೊರೆಯನ್ನು ಪರರ ಹೆಗಲಿಗೆ ದಾಟಿಸಿದವನು ತಾನು ಬಲಿಷ್ಠನೆಂದು ಹೇಳಿಕೊಳ್ಳುವುದು ಯಾವ ನ್ಯಾಯ?

ನಮ್ಮ ಬೆಂಗಳೂರೇ ಇದಕ್ಕೆ ಸಾಕ್ಷಿ. ಪ್ರೋತ್ಸಾಹಧನ ಕುಸಿದು ಕಂಗೆಟ್ಟ ಚಾಲಕರು 2017ರ ಫೆಬ್ರವರಿಯಲ್ಲಿ ಇಲ್ಲಿ ಮುಷ್ಕರ ಹೂಡಿದರು. 2022ರಲ್ಲಿ ಆಟೋಗಳಿಗೆ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ ದರ ನಿಗದಿಯಾಗಿದ್ದರೂ ಆ್ಯಪ್‌ಗಳು ಕನಿಷ್ಠ 100 ರೂಪಾಯಿ ಪಡೆಯುತ್ತಿವೆಯೆಂಬ ದೂರುಗಳೆದ್ದು, ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಆ ಸೇವೆ ನಿಲ್ಲಿಸುವಂತೆ ಸೂಚಿಸಿತು. ಮರುತಿಂಗಳೇ ಕಮಿಷನ್ ಇಲ್ಲದ ‘ನಮ್ಮ ಯಾತ್ರಿ’ ಆರಂಭವಾಯಿತು. ಮುಂದೆ ಅದು ಚಾಲಕರಿಂದ ದಿನಕ್ಕೆ 25 ರೂಪಾಯಿಯ ಚಂದಾ ಪದ್ಧತಿ ತಂದಿತು. ಅನಂತರ ದೊಡ್ಡ ಕಂಪನಿಗಳೂ ಆಟೋಗಳ ಮಟ್ಟಿಗೆ ಅದೇ ದಾರಿ ಹಿಡಿದವು. ಗಿರಾಕಿಯನ್ನು ಚಾಲಕನಿಗೆ ತೋರಿಸಿಕೊಡುವ ಕೆಲಸದ ನಿಜವಾದ ಬೆಲೆ ಎಷ್ಟೆಂಬುದು ಇದರಿಂದ ಬಯಲಾಯಿತು.

ಈ ಉದ್ಯಮ ಬಾಳಬಹುದು. ಸಾಮ್ರಾಜ್ಯವಾಗಿ ಅಲ್ಲ, ಮಿತಲಾಭದ ಸೇವೆಯಾಗಿ. 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಕಂಪನಿಗಳ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ನೀಡಿದೆ. ಅಷ್ಟನ್ನೂ ಭರಿಸಲಾರದ ವ್ಯಾಪಾರ ಬಾಳಲು ಯೋಗ್ಯವೇ? ಚಾಲಕನ ದಿನವಿಡೀ ದುಡಿಮೆ ಅವನ ಮನೆಯ ಒಲೆ ಉರಿಸದಿದ್ದರೆ, ನಮಗೆ ದೊರೆತ ಅಗ್ಗದ ಸವಾರಿ ಅಗ್ಗದ್ದಲ್ಲ. ಅದರ ಉಳಿದ ಬೆಲೆಯನ್ನು ಅವನ ಮಕ್ಕಳು ತೆರುತ್ತಿದ್ದಾರೆ.