ಕೋಡಿಂಗ್ ಕಲಿಯೋಕೆ ಬೆಂಗಳೂರು ಬಸ್ ಹತ್ತಬೇಕಾಗಿಲ್ಲ

ಭದ್ರಾವತಿ ಕಡೆಯ ಯುವಕರಿಂದ ನನಗೆ ಬರುವ ಮೆಸೇಜ್‌ಗಳಲ್ಲಿ ಈಚೆಗೆ ಜೀವಾಮೃತಕ್ಕಿಂತ ಕೋಡಿಂಗ್ ಪ್ರಶ್ನೆಗಳೇ ಜಾಸ್ತಿ. ‘ಪೈಥಾನ್ ಕಲೀಬೇಕು, ಯಾವ ಕೋರ್ಸ್ ಸೇರಲಿ?’ ಅಂತಾರೆ. ಕೇಳೋದು ಸಹಜ. ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ವಿಐಎಸ್‌ಎಲ್ ಉಳಿಯುತ್ತೋ ಮುಚ್ಚುತ್ತೋ ಅನ್ನೋ ಮಾತು ಮುಗಿದೇ ಇಲ್ಲ. ಅಜ್ಜ, ಅಪ್ಪ ಕಂಡ ನೌಕರಿ ಮಕ್ಕಳಿಗೆ ಇಲ್ಲ ಅಂದಮೇಲೆ ಮನೆಯವರು ಬೆಂಗಳೂರಿನ ಕೋರ್ಸಿಗೆ ಸಾಲ ಮಾಡೋಕೂ ತಯಾರಾಗ್ತಾರೆ.

ನಾನು ಓದಿದ್ದು ತೋಟಗಾರಿಕೆ, ಕಂಪ್ಯೂಟರ್ ಸೈನ್ಸ್ ಅಲ್ಲ. ಆದರೂ ಹೇಳ್ತೀನಿ: ಫೀಸ್ ಕಟ್ಟುವ ಮೊದಲು ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಸಜ್ಜು ಮಾಡಿ, ನಿಮ್ಮದೇ ತೋಟ-ಗದ್ದೆಯ ಲೆಕ್ಕದಿಂದ ಶುರು ಮಾಡಿ. ಆರು ತಿಂಗಳಾದ ಮೇಲೂ ಆಸಕ್ತಿ ಉಳಿದರೆ ಕೋರ್ಸ್ ಎಲ್ಲಿಗೂ ಓಡಿಹೋಗಲ್ಲ.

ಮೊಬೈಲ್‌ನಲ್ಲೇ ಆಗಲ್ವಾ ಅಂತ ಕೇಳ್ತೀರಿ. ಪೈಡ್ರಾಯ್ಡ್ ಥರದ ಆ್ಯಪ್‌ನಲ್ಲಿ ಮೊದಲ ವಾರ ದೂಡಬಹುದು. ಆಮೇಲೆ ಕಷ್ಟ. ಕೀಬೋರ್ಡ್ ಅರ್ಧ ಪರದೆ ನುಂಗುತ್ತೆ, ಪಕ್ಕದಲ್ಲಿ ಪಾಠ ತೆರೆದಿಟ್ಟು ಟೈಪ್ ಮಾಡೋಕೆ ಜಾಗ ಇರಲ್ಲ, ನಡುವೆ ರೀಲ್ಸ್ ಕರೆಯುತ್ತೆ.

ಹಳೇ ಲ್ಯಾಪ್‌ಟಾಪ್ ಕೊಳ್ಳೋಕೆ ಇದು ಒಳ್ಳೇ ಕಾಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಒಪ್ಪದ ಎಷ್ಟೋ ಗಟ್ಟಿ ಮಷಿನ್‌ಗಳು ಆಫೀಸುಗಳಿಂದ ಹೊರಬೀಳ್ತಿವೆ. ಕರೆಂಟ್ ಕೈಕೊಡುವ ಊರಿಗೆ ಡೆಸ್ಕ್‌ಟಾಪ್ ಬೇಡ, ಬ್ಯಾಟರಿ ಇರುವ ಲ್ಯಾಪ್‌ಟಾಪೇ ಸರಿ. 8 ಜಿಬಿ ರ್‍ಯಾಮ್ ಇರಲಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲೇಬೇಕು, ಅದರಲ್ಲಿ ರಾಜಿ ಬೇಡ. ಥಳಥಳ ಹೊಳೆಯೋ ಹೊರಮೈ ನೋಡಿ ಮರುಳಾಗಬೇಡಿ. ಎತ್ತು ಕೊಳ್ಳುವಾಗ ಕೊಂಬಿನ ಬಣ್ಣ ನೋಡಲ್ಲ, ಹಲ್ಲು ನೋಡ್ತೀವಿ.

ಹಲ್ಲು ನೋಡೋದು ಹೇಗೆ? ಶಿವಮೊಗ್ಗದ ಅಂಗಡಿಗೆ ಹೋಗುವಾಗ ಲಿನಕ್ಸ್ ಮಿಂಟ್ ತುಂಬಿದ 8 ಜಿಬಿ ಪೆನ್‌ಡ್ರೈವ್ ಜೇಬಲ್ಲಿರಲಿ. ಮನೆಯಲ್ಲಿ ಕಂಪ್ಯೂಟರೇ ಇಲ್ಲ, ಅದನ್ನ ತುಂಬೋದು ಹೇಗೆ ಅಂತೀರಾ? ಮಿಂಟ್ ಫೈಲನ್ನ ಮೊಬೈಲ್‌ಗೆ ಇಳಿಸಿಕೊಳ್ಳಿ, ಒಟಿಜಿ ಕೇಬಲ್‌ನಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ, ಎಚ್‌ಡ್ರಾಯ್ಡ್ ಅನ್ನೋ ಉಚಿತ ಆ್ಯಪ್‌ನಿಂದ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ. ಅಂಗಡಿಯಲ್ಲಿ ಅದರಿಂದಲೇ ಲ್ಯಾಪ್‌ಟಾಪ್ ಆನ್ ಮಾಡಿಸಿ. ಏನೂ ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡುತ್ತೆ. ವೈಫೈ, ಸ್ಪೀಕರ್, ಒಂದೊಂದು ಕೀಲಿ ಪರೀಕ್ಷಿಸಿ, ಚಾರ್ಜರ್ ಕಿತ್ತು ಹತ್ತು ನಿಮಿಷ ಬ್ಯಾಟರಿ ನೋಡಿ. ಇಷ್ಟಕ್ಕೆ ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಮನೆಗೆ ತಂದು ಅದೇ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿದರೆ ಪೈಥಾನ್ ಜೊತೆಗೇ ಬಂದಿರುತ್ತೆ. ಮೊಬೈಲನ್ನ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಒತ್ತಿದರೆ ಇಂಟರ್‌ನೆಟ್ ಸಿಗುತ್ತೆ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಥಾನಿ ಹಾಕಿಕೊಳ್ಳಿ, ಹೊಸಬರಿಗೆಂದೇ ಮಾಡಿದ್ದು. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕೆ. ಪಿ. ರಾಯರ ಕಗಪ ವಿನ್ಯಾಸವೇ ಇದೆ. ದುಡ್ಡು ಖರ್ಚಾಗೋದು ಮಷಿನ್‌ಗೆ ಮಾತ್ರ.

ಈಗ ಮೊದಲ ಪ್ರೋಗ್ರಾಮ್. ಪಾಠಗಳಲ್ಲಿ ಬರುವ ‘ಹಲೋ ವರ್ಲ್ಡ್’ ಒಂದು ಸಲ ಮಾಡಿ ಬಿಡಿ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ ಅನ್ನೋದು ನಾಲೆ ನೀರು ಕಾಯುವ ಎಲ್ಲರಿಗೂ ಬಾಯಿಪಾಠ. ಇವತ್ತಿನ ಮಟ್ಟ ಬೆಳಗಿನ ಪೇಪರ್‌ನಲ್ಲೇ ಸಿಗುತ್ತೆ. ಅದು 171 ಅಂತಿಟ್ಟುಕೊಳ್ಳಿ:

ಮಟ್ಟ = 171
ಕೊರತೆ = 186 - ಮಟ್ಟ

ಈ ಎರಡು ಸಾಲು ಹೀಗೆ ಕನ್ನಡದಲ್ಲೇ ಬರೆದರೂ ಪೈಥಾನ್ 3 ಒಪ್ಪುತ್ತೆ. ಹೆಸರು ನಿಮ್ಮಿಷ್ಟ, ಪ್ರಿಂಟ್, ಇಫ್, ಫಾರ್ ಮುಂತಾದ ಆಜ್ಞೆಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು. ಅವೂ ಬೆರಳೆಣಿಕೆಯಷ್ಟೇ. ಥಾನಿಯಲ್ಲಿ ಒತ್ತಕ್ಷರ ಒಡೆದು ಕಾಣಬಹುದು, ಕಣ್ಣಿಗೆ ಕಿರಿಕಿರಿ ನಿಜ, ಲೆಕ್ಕ ಮಾತ್ರ ಕೆಡಲ್ಲ.

ನಾಳೆ ಒಂದು ಅಂಕಿ ಸೇರಿಸಿ, ನಾಡಿದ್ದು ಇನ್ನೊಂದು. ತಿಂಗಳು ಕಳೆಯುವಷ್ಟರಲ್ಲಿ ಪಟ್ಟಿ, ಲೂಪ್, ಸರಾಸರಿ ಎಲ್ಲ ಕಲಿತಿರ್ತೀರಿ. ಮುಂದೆ ಶಿವಮೊಗ್ಗ ಎಪಿಎಂಸಿಯ ರಾಶಿ, ಬೆಟ್ಟೆ, ಗೊರಬಲು ಧಾರಣೆ ಸೇರಿಸಿ, ನಿಮ್ಮ ಪಂಪ್ ಓಡಿದ ಗಂಟೆ ಸೇರಿಸಿ. ನಾಲೆಗೆ ನೀರು ಬಿಡುವ ದಿನಾಂಕದ ಬಗ್ಗೆ ಅಡಿಕೆಯವರಿಗೂ ಭತ್ತದವರಿಗೂ ಜಟಾಪಟಿ ಆಗುವಾಗ, ಐದು ವರ್ಷದ ಮಟ್ಟ ಬರೆದಿಟ್ಟವನ ಮಾತಿಗೆ ತೂಕವೇ ಬೇರೆ. ಇವತ್ತು ನಮ್ಮ ಹೊಲದ ಲೆಕ್ಕ ಯಾರ್‍ಯಾರದೋ ಆ್ಯಪ್ ಒಳಗಿದೆ, ನಮ್ಮ ಹತ್ತಿರ ಇಲ್ಲ. ನನಗೆ ಕೋಡಿಂಗ್ ಮುಖ್ಯ ಅನ್ನಿಸೋದು ಈ ಕಾರಣಕ್ಕೆ. ನೌಕರಿ ಸಿಕ್ಕರೆ ಅದೂ ಬೇಡ ಅನ್ನಲ್ಲ.

ಮೊದಲ ದಿನವೇ ಕೆಂಪಕ್ಷರದಲ್ಲಿ ಎರರ್ ಬರುತ್ತೆ. ಗಾಬರಿಯಾಗಿ ಕಿಟಕಿ ಮುಚ್ಚಬೇಡಿ. ಎಷ್ಟನೇ ಸಾಲು ಅಂತ ಅದೇ ಹೇಳಿರುತ್ತೆ, ಏನಾಯಿತು ಅನ್ನೋದು ಕೊನೇ ಸಾಲಲ್ಲಿರುತ್ತೆ. ಹೊಸಬರಿಗೆ ಬಹಳ ಸಲ ಬಿಟ್ಟುಹೋಗೋದು ಒಂದು ಕಂಸ, ಇಲ್ಲವೇ ಇಫ್ ಸಾಲಿನ ಕೊನೆಯ ಎರಡು ಚುಕ್ಕಿ.