ಟಿಕೆಟ್ ಇಲ್ಲದ ಪಾಠಶಾಲೆ ಮದ್ದೂರಲ್ಲೇ ಇದೆ. ಪುಟ್ಟ ಮಕ್ಕಳನ್ನ ಕರ್ಕೊಂಡು ಹೋಗೋರು ಯಾರು?

ಮಂಡ್ಯ: ಬೇಸಿಗೆ ರಜೆ ಹತ್ತಿರ ಬರ್ತಿದ್ದಂತೆ ಕಂಬ, ಗೋಡೆ, ವಾಟ್ಸಾಪ್ ಗ್ರೂಪುಗಳ ತುಂಬಾ ಶಿಬಿರಗಳ ಜಾಹೀರಾತು. ಡ್ಯಾನ್ಸ್, ಡ್ರಾಯಿಂಗ್, ಅಬಾಕಸ್, ಎಲ್ಲಕ್ಕೂ ಫೀಸು. ಕೊಡೋಕಾಗದ ಮನೆಯ ಮಗು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುತ್ತೆ. ಅದೇ ಹೊತ್ತಿಗೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಹೆಜ್ಜಾರ್ಲೆ ಮರಿಗಳು ರೆಕ್ಕೆ ಬಡಿದು ಹಾರೋದು ಕಲೀತಿರುತ್ತವೆ. ಊರ ಬೀದಿಯಲ್ಲಿ ನಿಂತು ನೋಡೋಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಒಂದನೇ ಕ್ಲಾಸಿಗೆ ಮುಂಚಿನ ದಿನಗಳು

ಒಂದನೇ ತರಗತಿಗೆ ಸೇರಲು 6 ವರ್ಷ ತುಂಬಿರಬೇಕು ಅನ್ನೋ ನಿಯಮ ಪೋಷಕರಲ್ಲಿ ಗೊಂದಲ ಎಬ್ಬಿಸಿತ್ತು. 2025-26ನೇ ಸಾಲಿಗೆ ಮಾತ್ರ ಅದನ್ನ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯ್ತು. ಚರ್ಚೆಯೆಲ್ಲ ನಡೆದದ್ದು 'ಮಗುವಿಗೆ ಒಂದು ವರ್ಷ ದಂಡ ಆಯ್ತು' ಅನ್ನೋದರ ಸುತ್ತಲೇ. ಆ ವರ್ಷದಲ್ಲಿ ಮಗು ಏನು ಮಾಡಬೇಕು ಅಂತ ಕೇಳಿದವರು ಕಮ್ಮಿ. 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಪಾಠ ಆಗಬೇಕು ಅಂತ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳುತ್ತೆ. ಆದ್ರೆ ಮನೆಗಳಲ್ಲಿ ಈಗಲೂ ಮೊದಲ ಪ್ರಶ್ನೆ, 'ಎಬಿಸಿಡಿ ಎಲ್ಲಿಗೆ ಬಂತು?'

ಮರದ ಕೆಳಗಿನ ಪಾಠ

ಕೊಕ್ಕರೆ ಬೆಳ್ಳೂರಿಗೆ 2007ರಲ್ಲಿ ಸಮುದಾಯ ಮೀಸಲು ಪ್ರದೇಶದ ಮಾನ್ಯತೆ ಸಿಕ್ಕಿದೆ. ಚಳಿಗಾಲದಲ್ಲಿ ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತಲೇ ಊರಿನವರು ಅವನ್ನ ನೋಡಿಕೊಂಡು ಬಂದಿದ್ದಾರೆ.

ನಾಲ್ಕು ವರ್ಷದ ಮಗುವಿಗೆ ಇಲ್ಲಿ ಪುಸ್ತಕ ಬೇಡ. ಒಂದು ಮರದಲ್ಲಿ ಗೂಡು ಎಷ್ಟು ಅಂತ ಎಣಿಸಿದ್ರೆ ಅದೇ ಲೆಕ್ಕ. ಹಳದಿ ಕೊಕ್ಕು, ಗುಲಾಬಿ ಪುಕ್ಕ ಹುಡುಕಿದ್ರೆ ಅದೇ ಬಣ್ಣದ ಪಾಠ. ಮರಿ ತನ್ನ ತಲೆಯನ್ನೇ ತಾಯಿಯ ಕೊಕ್ಕಿನ ಚೀಲದೊಳಗೆ ತೂರಿಸಿ ಮೀನು ತಿನ್ನೋದನ್ನ ಒಮ್ಮೆ ಕಂಡ ಮಗು ಮನೆಗೆ ಬಂದು ವಾರವಿಡೀ ಅದನ್ನೇ ಹೇಳುತ್ತೆ. ಮಾತು ಬೆಳೆಯೋದು ಹೀಗೇ.

ಹಕ್ಕಿ ಇಲ್ಲದ ಊರಲ್ಲೂ ದಾರಿ ಇದೆ. ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಕಬ್ಬು ಹಾಲಾಗಿ, ಹಾಲು ಪಾಕವಾಗಿ, ಪಾಕ ಅಚ್ಚಿಗೆ ಬಿದ್ದು ಬೆಲ್ಲ ಆಗೋದನ್ನ ಮಾಲೀಕರನ್ನ ಕೇಳಿಕೊಂಡು ತೋರಿಸಬಹುದು. ಕೊಪ್ಪರಿಗೆಯಿಂದ ಮಾತ್ರ ದೂರ ನಿಲ್ಲಿಸಬೇಕು. ನಾಲೆ ಏರಿ ಅಂತೂ ಪುಟ್ಟ ಮಕ್ಕಳ ಜಾಗವೇ ಅಲ್ಲ.

ಉಚಿತ, ಆದ್ರೆ ಯಾರಿಗೆ?

ಶಕ್ತಿ ಯೋಜನೆ ಬಂದಿದ್ದು 2023ರ ಜೂನ್ 11ಕ್ಕೆ. ಅಲ್ಲಿಂದ ತಾಯಿಗೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. 6 ವರ್ಷದೊಳಗಿನ ಮಗುವಿಗೆ ಮೊದಲಿಂದಲೂ ಇಲ್ಲ. ಹಾಗಿದ್ರೂ ಹೋಗೋರು ಹೆಚ್ಚಾಗಿ ಕಾರಿರೋರೇ. ಕಾರಣ ದುಡ್ಡಿಗಿಂತ ಸಮಯ. ಮದ್ದೂರಿನವರೆಗೆ ಬಸ್ಸಿಗೆ ಬರ ಇಲ್ಲ, ಅಲ್ಲಿಂದ ಊರಿಗೆ ಬಸ್ಸಿನ ಟೈಮ್ ವಿಚಾರಿಸಿಕೊಂಡೇ ಹೊರಡಬೇಕು. ತಪ್ಪಿದ್ರೆ ಆಟೋ, ಅಲ್ಲಿಗೆ 'ಉಚಿತ' ಮುಗೀತು. ಗದ್ದೆ ಕೂಲಿಗೋ ಗಾರ್ಮೆಂಟ್ಸಿಗೋ ಹೋಗೋ ತಾಯಿಗೆ ಅರ್ಧ ದಿನ ಅಂದ್ರೆ ಅರ್ಧ ದಿನದ ಸಂಬಳ. ಹೋದ ಮೇಲೂ 'ಇದನ್ನ ನೋಡು ಪುಟ್ಟಾ' ಅಂತ ತೋರಿಸೋರು ಬೇಕು.

ಇನ್ನೊಂದು ಲೆಕ್ಕವೂ ಇದೆ. ಗೂಡು ಇರೋ ಕಾಲವೇ ಹುಣಸೆ ಕೊಯ್ಲಿನ ಕಾಲ. ಹಣ್ಣು ಉದುರಿಸಿದ್ರೆ ಗೂಡು ಹೋಗುತ್ತೆ, ಬಿಟ್ಟರೆ ಫಸಲು ಹೋಗುತ್ತೆ. ಅದಕ್ಕೇ ಮರದ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡೋ ವ್ಯವಸ್ಥೆ ಇದೆ. ಅಂದ್ರೆ ನಮ್ಮ ಮಕ್ಕಳು ಬಿಟ್ಟಿ ನೋಡೋ ಹಕ್ಕಿಯ ಬಾಡಿಗೆಯನ್ನ ಯಾವುದೋ ರೈತನ ಮನೆ ಕಟ್ಟುತ್ತಿದೆ. ಆ ಮರ ಉಳಿಯದಿದ್ರೆ ಈ ಪಾಠವೂ ಇಲ್ಲ.

ಹೊಸ ಯೋಜನೆ ಬೇಕಿಲ್ಲ

ಊರೂರಿಗೂ ಅಂಗನವಾಡಿ ಇದೆ. ಜನವರಿಯಿಂದ ಏಪ್ರಿಲ್ ಒಳಗೆ ಒಂದು ದಿನ, ಮಕ್ಕಳ ಜೊತೆ ಅಪ್ಪ-ಅಮ್ಮನನ್ನೂ ಸೇರಿಸಿ ಕರೆದೊಯ್ದರೆ ಸಾಕು. ಬಸ್ಸಿನ ಖರ್ಚು ಗ್ರಾಮ ಪಂಚಾಯ್ತಿ ನೋಡಿಕೊಳ್ಳಲಿ, ತೋರಿಸೋ ಕೆಲಸ ಅರಣ್ಯ ಇಲಾಖೆಯವರು ವಹಿಸಿಕೊಳ್ಳಲಿ. ಸರ್ವೆ, ರಿಜಿಸ್ಟರ್, ಊಟದ ನಡುವೆ ಸೊರಗಿರೋ ಕಾರ್ಯಕರ್ತೆಯರ ತಲೆಗೇ ಇದನ್ನೂ ಕಟ್ಟಿದ್ರೆ ಫೋಟೋ ತೆಗೆದು ಕಳಿಸೋ ಕಾರ್ಯಕ್ರಮ ಆಗುತ್ತೆ ಅಷ್ಟೆ. ಹೋದ ಕಡೆ ಶೌಚಾಲಯ, ಕುಡಿಯೋ ನೀರು ಇರಲೇಬೇಕು. ಅದಿಲ್ಲ ಅಂತಲೇ ಎಷ್ಟೋ ತಾಯಂದಿರು ಮನೆಯಲ್ಲೇ ಉಳೀತಾರೆ.

ಸ್ವಂತವಾಗಿ ಹೋಗೋರು ಬೆಳಗ್ಗೆ ಬಿಸಿಲೇರೋ ಮುಂಚೆ ಹೋಗಿ. ನೀರು, ಟೋಪಿ ಮರೀಬೇಡಿ. ಕೂಗಾಟ, ಕಲ್ಲು, ಪಟಾಕಿ ಬೇಡ. ಹಿತ್ತಲಿಗೆ ಕಾಲಿಡೋ ಮುಂಚೆ ಮನೆಯವರನ್ನ ಒಂದು ಮಾತು ಕೇಳಿ. ಆ ಒಂದು ಮಾತನ್ನೂ ಮಗು ಕಲಿಯುತ್ತೆ.