ನೀರಿನ ಬಾಟಲಿಯಲ್ಲಿ ಗೊಬ್ಬರ ಬೇಡ

ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಕುವೈತಿನ ಬಾಲ್ಕನಿಯಲ್ಲಿ ಕೊತ್ತಂಬರಿ ಬದುಕುವುದಿಲ್ಲ. ಅದಕ್ಕೇ ನಮ್ಮವರು ಎಸಿ ರೂಮಿನೊಳಗೆ ಎಲ್‌ಇಡಿ ಪಟ್ಟಿ ಜೋಡಿಸಿ, ಗೊಬ್ಬರವನ್ನೂ ತಾವೇ ಕಲಸಿ ಬೆಳೆಯುತ್ತಿದ್ದಾರೆ. ಒಳ್ಳೆಯದೇ. ಆದರೆ ಫಾರ್ಮಸಿಸ್ಟ್ ಆಗಿ ನನ್ನದೊಂದು ಮಾತು: ಗೊಬ್ಬರವನ್ನೂ ಔಷಧಿಯಂತೆಯೇ ಕಾಣಿ.

ಚಮಚದ ಅಂದಾಜು ಬೇಡ, ಗ್ರಾಂ ಲೆಕ್ಕದಲ್ಲಿ ತೂಗಿ. ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಎಪ್ಸಮ್ ಸಾಲ್ಟ್‌ನ ಗಟ್ಟಿ ದ್ರಾವಣಗಳನ್ನು ಒಂದೇ ಬಾಟಲಿಗೆ ಸುರಿದರೆ ಜಿಪ್ಸಮ್ ಆಗಿ ತಳ ಹಿಡಿಯುತ್ತದೆ. ಬೇರೆ ಬೇರೆ ಇಡಿ.

ಎಲ್ಲಕ್ಕಿಂತ ಮುಖ್ಯ, ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಗೆಳೆಯನ ರೂಮಿನಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದ ಹುಡುಗನೊಬ್ಬ ಕತ್ತಲಲ್ಲಿ ಅದನ್ನೇ ಬಾಯಿಗಿಟ್ಟ. ಕಹಿ ತಗುಲಿ ಉಗುಳಿದ, ಬಚಾವಾದ. ಆರು ಜನರ ರೂಮಿನಲ್ಲಿ ಎಲ್ಲರಿಗೂ ಕನ್ನಡ ಬರುವುದಿಲ್ಲ. ಚೀಟಿಯಲ್ಲಿ ಹೆಸರು, ತಾರೀಕಿನ ಜೊತೆ ‘ಕುಡಿಯಬೇಡಿ’ ಎಂದು ಅವರವರ ಭಾಷೆಯಲ್ಲೂ ಬರೆಯಿರಿ.